ಮೊದಲು ದಾರಿ ನಡೆದು ನೋಡಿ, ಆಮೇಲೆ ಭಿತ್ತಿಪತ್ರ ಅಂಟಿಸಿ

ಪ್ರಶ್ನೆ: ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಈಗ ಎರಡನೇ ಸೆಮಿಸ್ಟರ್. ನಮ್ಮ ಕೋಣೆಯ ಗೆಳತಿಯೊಬ್ಬಳು ಮೊದಲ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಊಟ ಬಿಟ್ಟಳು, ತರಗತಿ ಬಿಟ್ಟಳು, ಕೊನೆಗೆ ಟ್ರಂಕು ಕಟ್ಟಿಕೊಂಡು ಚಿಂಚೋಳಿ ಕಡೆಯ ತನ್ನ ಊರಿಗೆ ಹೊರಟುಹೋದಳು. ನಾವು ಮೂವರು ಅವಳ ಪಕ್ಕದಲ್ಲೇ ಮಲಗುತ್ತಿದ್ದೆವು, ಆದರೂ ಏನೂ ತಿಳಿಯಲಿಲ್ಲ. ಇನ್ನೊಬ್ಬರಿಗೆ ಹೀಗಾಗಬಾರದೆಂದು ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ಒಂದು ಜಾಥಾ, ಒಂದು ಕಿರುನಾಟಕ ಮಾಡಬೇಕೆಂದಿದ್ದೇವೆ. ಮನಃಶಾಸ್ತ್ರ ಓದದ ನಾವು ಇದಕ್ಕೆ ಕೈ ಹಾಕಬಹುದೇ? ಎಲ್ಲಿಂದ ಆರಂಭಿಸಬೇಕು? ಆ ಗೆಳತಿಗೆ ನಾನಿನ್ನೂ ಫೋನ್ ಮಾಡಿಲ್ಲ. ಏನು ಮಾತಾಡಬೇಕೋ ಗೊತ್ತಾಗುತ್ತಿಲ್ಲ.

ಉತ್ತರ: ಕೈ ಹಾಕಬಹುದು. ಮೊದಲ ಪ್ರಶ್ನೆಗೆ ಇಷ್ಟು ಉತ್ತರ ಸಾಕು. ಆದರೆ ನೀವು ಅದನ್ನು ನಂಬಬೇಕಾದರೆ ನಮ್ಮದೇ ಸೀಮೆಯ ಒಂದು ಸಂಗತಿ ಹೇಳಬೇಕು. 1980ರ ದಶಕದ ನಡುವಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗಕ್ಕೆ ಇಳಿಯಿತು. ಜಿಲ್ಲೆಗಳಲ್ಲಿ ಮನೋವೈದ್ಯರೇ ಸಿಗದಿದ್ದ ಕಾಲ ಅದು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಹಳ್ಳಿ ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ಕೊಟ್ಟು, ತೊಂದರೆಯಲ್ಲಿರುವವರನ್ನು ಗುರುತಿಸುವ, ಚಿಕಿತ್ಸೆಗೆ ಹಚ್ಚುವ ಕೆಲಸವನ್ನು ಅವರಿಗೇ ಒಪ್ಪಿಸಿದರು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಈ ಬಳ್ಳಾರಿಯ ಪ್ರಯೋಗವೇ. ಮನೆ ಬಾಗಿಲಿಗೆ ಹೋಗಿ ಸಂಕಟವನ್ನು ಮೊದಲು ಗುರುತಿಸಿದವರು ಮನೋವೈದ್ಯರಾಗಿರಲಿಲ್ಲ. ಹಾಸ್ಟೆಲಿನ ಮಟ್ಟಿಗೆ ಆ ಜಾಗದಲ್ಲಿ ಇರುವವರು ನೀವು ಮತ್ತು ನಿಮ್ಮ ಗೆಳತಿಯರು. ರೋಗ ಇಂಥದ್ದೆಂದು ಹೇಳುವುದು ನಿಮ್ಮ ಕೆಲಸವಲ್ಲ, ಚಿಕಿತ್ಸೆ ಕೊಡುವುದಂತೂ ಅಲ್ಲವೇ ಅಲ್ಲ. ಗಮನಿಸುವುದು, ಕೇಳುವುದು, ಸರಿಯಾದ ಬಾಗಿಲಿನವರೆಗೆ ಜೊತೆಯಲ್ಲಿ ನಡೆಯುವುದು, ಇಷ್ಟನ್ನು ಅರ್ಥಶಾಸ್ತ್ರದ ವಿದ್ಯಾರ್ಥಿನಿ ಚೆನ್ನಾಗಿಯೇ ಮಾಡಬಲ್ಲಳು.

ಜಾಥಾದ ವಿಷಯಕ್ಕೆ ಬರೋಣ. ಜಾಥಾ ಬೇಡವೆನ್ನುವುದಿಲ್ಲ, ಆದರೆ ಅದು ಮೊದಲ ಕೆಲಸ ಆಗಬಾರದು. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಕಾಲೇಜಿಗೆ ಉಪನ್ಯಾಸಕ್ಕೆ ಹೋಗಿದ್ದೆ. ಮೆಟ್ಟಿಲ ಬಳಿ ದೊಡ್ಡ ಫಲಕವಿತ್ತು: ‘ನಿಮ್ಮ ಮನಸ್ಸಿನ ಮಾತು ಕೇಳಲು ನಾವಿದ್ದೇವೆ.’ ಕೆಳಗೆ ಆಪ್ತಸಮಾಲೋಚಕರ ಮೊಬೈಲ್ ಸಂಖ್ಯೆ. ಉಪನ್ಯಾಸಕ್ಕೆ ಇನ್ನೂ ಹತ್ತು ನಿಮಿಷ ಇತ್ತು, ಅಲ್ಲಿಯೇ ನಿಂತು ಆ ಸಂಖ್ಯೆಗೆ ಕರೆ ಮಾಡಿದೆ. ಫೋನ್ ಎತ್ತಿದವರು ಯಾವುದೋ ಅಂಗಡಿಯವರು. ಸಮಾಲೋಚಕರು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು, ಸಂಖ್ಯೆ ಬೇರೊಬ್ಬರ ಪಾಲಾಗಿತ್ತು. ಆ ಎರಡು ವರ್ಷಗಳಲ್ಲಿ ಎಷ್ಟು ಮಕ್ಕಳು ರಾತ್ರಿ ಹನ್ನೊಂದಕ್ಕೋ ಹನ್ನೆರಡಕ್ಕೋ, ಧೈರ್ಯವನ್ನೆಲ್ಲ ಒಟ್ಟು ಮಾಡಿಕೊಂಡು ಅದನ್ನು ಒತ್ತಿರಬಹುದು ಎಂದು ಯೋಚಿಸಿದರೆ ಇಂದಿಗೂ ನನಗೆ ಸಂಕಟವಾಗುತ್ತದೆ. ಒಮ್ಮೆ ಕೈ ಚಾಚಿ ಬರಿಗೈಯಲ್ಲಿ ಹಿಂತಿರುಗಿದವರು ಎರಡನೇ ಸಲ ಚಾಚುವುದು ಬಹಳ ಕಷ್ಟ.

ಆದ್ದರಿಂದ ನನ್ನೊಡನೆ ಕೆಲಸ ಮಾಡಲು ಬರುವ ವಿದ್ಯಾರ್ಥಿಗಳಿಗೆ ನಾನು ಮೊದಲ ವಾರ ಒಂದೇ ಕೆಲಸ ಕೊಡುತ್ತೇನೆ. ಹಾಸ್ಟೆಲಿನ ಬಾಗಿಲಿನಿಂದ ಹೊರಟು ಸಹಾಯ ಸಿಗುವ ಜಾಗದವರೆಗೆ ನಡೆದು ನೋಡಿ ಬನ್ನಿ ಎನ್ನುತ್ತೇನೆ. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್, ಹೀಗೆ ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಈಗ ಸರಕಾರಿ ವೈದ್ಯಕೀಯ ಕಾಲೇಜುಗಳಿವೆ. ಯಾವ ಬಸ್ಸು, ಎಲ್ಲಿ ಇಳಿಯಬೇಕು, ಚೀಟಿ ಮಾಡಿಸುವ ಕಿಟಕಿ ಯಾವುದು, ಮನೋವೈದ್ಯ ವಿಭಾಗ ಎಷ್ಟನೇ ಮಹಡಿ, ಎಷ್ಟು ಗಂಟೆಗೆ ಹೋದರೆ ಸರತಿ ಕಡಿಮೆ, ಹೆಣ್ಣುಮಕ್ಕಳಿಗೆ ಕುಳಿತುಕೊಳ್ಳಲು ಜಾಗವಿದೆಯೇ, ಇದೆಲ್ಲವನ್ನೂ ಕಣ್ಣಾರೆ ನೋಡಿ ಬರೆದುಕೊಂಡು ಬರಬೇಕು.

ಒಮ್ಮೆ ಒಬ್ಬ ಹುಡುಗ ಹೀಗೆ ಹೋಗಿ ಬಂದು ನೋಟುಬುಕ್ಕಿನ ಹಾಳೆಯಲ್ಲಿ ಒಂದು ನಕ್ಷೆ ಬರೆದ. ಅದರಲ್ಲಿ ವೈದ್ಯರ ಕೋಣೆಯ ಹೊರಗಿನ ಬೇವಿನ ಮರ, ಅದರ ಕೆಳಗಿನ ಕಟ್ಟೆ ಸಹ ಇತ್ತು. ಮರ ಯಾಕೆ ಬರೆದೆ ಎಂದು ಕೇಳಿದೆ. ‘ಸರ್, ನಾನು ಅಲ್ಲಿ ಅರ್ಧ ಗಂಟೆ ಕುಳಿತಿದ್ದೆ. ಒಳಗೆ ಹೋಗಲು ನಾಚಿಕೆಯಾಯಿತು. ನಾನು ರೋಗಿಯೂ ಅಲ್ಲ, ಆದರೂ ಊರಿನವರು ಯಾರಾದರೂ ನೋಡಿಬಿಟ್ಟರೆ ಎಂದು ಎದೆ ಹೊಡೆದುಕೊಂಡಿತು’ ಎಂದ. ಆ ಅರ್ಧ ಗಂಟೆ ಅವನಿಗೆ ಕಲಿಸಿದ್ದನ್ನು ನನ್ನ ಯಾವ ಉಪನ್ಯಾಸವೂ ಕಲಿಸಲಾರದು. ಮುಂದೆ ಗೆಳೆಯನೊಬ್ಬನನ್ನು ಕರೆದುಕೊಂಡು ಹೋದಾಗ ಅವನು ಅದೇ ಕಟ್ಟೆಯ ಮೇಲೆ ಜೊತೆಯಲ್ಲಿ ಕುಳಿತು, ಸಾಕಷ್ಟು ಹೊತ್ತು ಕಾದು, ಅವಸರ ಮಾಡದೆ ಒಳಗೆ ಕರೆದೊಯ್ದ.

ದಾರಿಯಲ್ಲಿ ಇನ್ನೊಂದು ಮೆಟ್ಟಿಲಿದೆ, ಟೆಲಿ ಮಾನಸ್. ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ಈ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಭಾಷೆ ಆರಿಸಿಕೊಳ್ಳಬಹುದು. ಇದಕ್ಕೂ ಒಮ್ಮೆ ನೀವೇ ಕರೆ ಮಾಡಿ. ‘ನಾವು ವಿದ್ಯಾರ್ಥಿಗಳು, ಗೆಳೆಯರಿಗೆ ಈ ಸಂಖ್ಯೆ ಕೊಡಬೇಕೆಂದಿದ್ದೇವೆ, ಕರೆ ಮಾಡಿದರೆ ಏನು ಕೇಳುತ್ತೀರಿ’ ಎಂದು ವಿಚಾರಿಸಿ, ಸಂಕಟದಲ್ಲಿರುವವರ ಸಾಲು ಹಿಡಿದಿಡದೆ ಎರಡೇ ನಿಮಿಷದಲ್ಲಿ ಮುಗಿಸಿ. ಆಗ ಮೆಸ್ಸಿನಲ್ಲಿ ಯಾರಾದರೂ ‘ಆ ನಂಬರಿಗೆ ಹಚ್ಚಿದರೆ ಮನೆಗೆ ತಿಳಿಸುತ್ತಾರಂತೆ’ ಎಂದು ಅನುಮಾನ ಪಟ್ಟಾಗ ನೀವು ಕೇಳಿ ತಿಳಿದದ್ದನ್ನು ಹೇಳುತ್ತೀರಿ. ಅನುಮಾನ ಕಳೆಯುವುದು ಅಂಥ ಮಾತಿನಿಂದಲೇ.

ಇನ್ನು ನಿಮ್ಮ ವಿಶ್ವವಿದ್ಯಾಲಯದ ಒಳಗಿನ ದಾರಿ. ಅಲ್ಲಿ ಸಮಾಲೋಚಕರು ಇದ್ದಾರೆಯೇ, ವಾರಕ್ಕೆ ಎಷ್ಟು ದಿನ ಕುಳಿತುಕೊಳ್ಳುತ್ತಾರೆ, ಕೋಣೆಯ ಬಾಗಿಲು ಎಲ್ಲಿಗೆ ತೆರೆಯುತ್ತದೆ ಎಂದು ನೋಡಿ. ಬಾಗಿಲ ವಿಷಯ ಸಣ್ಣದಲ್ಲ. ಪರೀಕ್ಷಾ ವಿಭಾಗದ ಎದುರಿಗೇ, ಮೂವತ್ತು ಜನ ಸಾಲಿನಲ್ಲಿ ನಿಂತಿರುವ ಕಡೆ, ‘ಆಪ್ತಸಮಾಲೋಚನೆ’ ಎಂಬ ಫಲಕವಿರುವ ಕೋಣೆಗೆ ಯಾರು ತಾನೇ ನುಗ್ಗುತ್ತಾರೆ? ಸಮಾಲೋಚಕರೇ ಇಲ್ಲದಿದ್ದರೆ ಬೇಡಿಕೊಳ್ಳುವ ಅಗತ್ಯವಿಲ್ಲ, ಕೇಳುವ ಹಕ್ಕಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ಕೊಟ್ಟಿದೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹತೆಯುಳ್ಳ ಒಬ್ಬ ಸಮಾಲೋಚಕರಾದರೂ ಇರಬೇಕು. ಬೋಧಕರಿಗೂ ಬೋಧಕೇತರ ಸಿಬ್ಬಂದಿಗೂ ವರ್ಷಕ್ಕೆ ಕನಿಷ್ಠ ಎರಡು ಸಲ ತರಬೇತಿ ಆಗಬೇಕು. ಟೆಲಿ ಮಾನಸ್ ಸೇರಿದಂತೆ ಸಹಾಯವಾಣಿಗಳ ಸಂಖ್ಯೆಗಳನ್ನು ಹಾಸ್ಟೆಲು, ತರಗತಿಗಳಲ್ಲಿ ದೊಡ್ಡದಾಗಿ ಕಾಣುವಂತೆ ಹಾಕಬೇಕು. ಅದೇ ವರ್ಷದ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಅಧ್ಯಯನ ಮಾಡಲು ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕಾರ್ಯಪಡೆಯನ್ನೂ ರಚಿಸಿತ್ತು. ಇಷ್ಟನ್ನು ಒಂದು ಪುಟದ ಅರ್ಜಿಯಲ್ಲಿ ವಿನಯದಿಂದ ಬರೆದು, ಹಾಸ್ಟೆಲಿನ ಸಹಿಗಳೊಂದಿಗೆ ಕುಲಸಚಿವರಿಗೆ ಕೊಡಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ನನ್ನ ಅನುಭವದಲ್ಲಿ ಆಡಳಿತದವರು ಹೆಚ್ಚಿನ ಸಲ ಕೆಟ್ಟವರಾಗಿರುವುದಿಲ್ಲ, ಯಾರೂ ಕೇಳಿರುವುದಿಲ್ಲ ಅಷ್ಟೇ.

ಅಂಕಿ ಅಂಶಗಳ ಬಗ್ಗೆ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಮಾನಸಿಕ ತೊಂದರೆ ಇದ್ದವರ ಪೈಕಿ ಚಿಕಿತ್ಸೆ ಸಿಗದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರವರೆಗೆ ಇತ್ತು. ಈ ಸಂಖ್ಯೆಗಳನ್ನು ಅರ್ಜಿಯಲ್ಲಿ ಬರೆಯಿರಿ. ಭಿತ್ತಿಪತ್ರದಲ್ಲಿ ಸಾವಿನ ಸಂಖ್ಯೆ ಬೇಡ. ಈಗಾಗಲೇ ನೊಂದಿರುವ ಹುಡುಗಿ ಅದನ್ನು ಓದಿದರೆ ‘ನನ್ನಂಥವರು ಇಷ್ಟು ಜನ ಆ ದಾರಿ ಹಿಡಿದಿದ್ದಾರೆ’ ಎಂದು ತಿಳಿದುಕೊಳ್ಳುತ್ತಾಳೆ. ಅವಳ ಕಣ್ಣಿಗೆ ಬೀಳಬೇಕಾದದ್ದು ಸಹಾಯ ಪಡೆದು ಮತ್ತೆ ತರಗತಿಗೆ ಬಂದು ಕುಳಿತವರ ಸುದ್ದಿ.

ಭಿತ್ತಿಪತ್ರದಲ್ಲಿ ಏನು ಬರೆಯಬೇಕೆಂಬುದರ ಮೇಲೆ ನೀವು ಬಹಳ ಹೊತ್ತು ಕುಳಿತು ಯೋಚಿಸಬೇಕೆಂದು ನನ್ನ ಆಸೆ. ‘ಖಿನ್ನತೆ’, ‘ಆತಂಕ’, ‘ಮಾನಸಿಕ ಅಸ್ವಸ್ಥತೆ’ ಇವು ಪುಸ್ತಕದ ಪದಗಳು. ನನ್ನ ಎದುರಿಗೆ ಕುಳಿತ ಯಾವ ವಿದ್ಯಾರ್ಥಿಯೂ ‘ನನಗೆ ಖಿನ್ನತೆ ಇದೆ’ ಎಂದು ಮಾತು ಆರಂಭಿಸಿದ್ದು ನೆನಪಿಲ್ಲ. ‘ತಲೆ ಭಾರ’, ‘ಎದೆ ಡವಡವ’, ‘ಜೀವ ತಳಮಳ’, ‘ಹೊಟ್ಟೆಯಲ್ಲಿ ಉರಿ’, ‘ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ’, ‘ಯಾರೊಡನೆಯೂ ಮಾತಾಡಲು ಮನಸ್ಸಿಲ್ಲ’, ಹೀಗೆ ಆರಂಭವಾಗುತ್ತದೆ. ಉರ್ದು ಮನೆಮಾತಿನವರು ‘ಘಬರಾಹಟ್’ ಎನ್ನುತ್ತಾರೆ. ನಮ್ಮ ‘ಘಾಬರಿ’ಯೂ ಅದೇ ಬೇರಿನದು. ಹುಡುಗರ ಬಾಯಲ್ಲಂತೂ ಎಲ್ಲಕ್ಕೂ ಒಂದೇ ಪದ, ಟೆನ್ಷನ್. ಆ ಒಂದು ಪದದೊಳಗೆ ನಾಳಿನ ಕಿರುಪರೀಕ್ಷೆಯೂ ಇರಬಹುದು, ಬದುಕೇ ಬೇಡವೆನಿಸಿದ್ದೂ ಇರಬಹುದು. ಆದ್ದರಿಂದ ‘ಯಾವ ಟೆನ್ಷನ್’ ಎಂದು ಇನ್ನೊಂದು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಳ್ಳಿ.

ಹಾಸ್ಟೆಲಿನಲ್ಲಿ ಎರಡು ವಾರ ಕಿವಿಗೊಟ್ಟು ಕೇಳಿ, ಇಂಥ ಮಾತುಗಳನ್ನು ಯಾರ ಹೆಸರೂ ಇಲ್ಲದೆ ಕೂಡಿಹಾಕಿ. ‘ಎರಡು ವಾರದಿಂದ ನಿದ್ದೆ ಬರುತ್ತಿಲ್ಲವೇ? ಊಟ ಸೇರುತ್ತಿಲ್ಲವೇ? ಓದಿದ್ದು ನಿಲ್ಲುತ್ತಿಲ್ಲವೇ? ಇದಕ್ಕೆ ಔಷಧವಿದೆ, ಮಾತಿದೆ. 14416.’ ಇಷ್ಟು ಸಾಕು. ನಮ್ಮ ಹಾಸ್ಟೆಲುಗಳಲ್ಲಿ ಕನ್ನಡದ ಜೊತೆಗೆ ಉರ್ದು, ಮರಾಠಿ, ತೆಲುಗು, ಲಂಬಾಣಿ ಮನೆಮಾತಿನವರಿದ್ದಾರೆ. ಆಯಾ ಮಾತಿನವರಿಂದಲೇ ಬರೆಸಿ, ಅನುವಾದ ಮಾಡಿಸಬೇಡಿ. ಅಂಟಿಸುವ ಜಾಗವನ್ನೂ ಯೋಚಿಸಿ. ಸೂಚನಾ ಫಲಕದ ಎದುರು ನಿಂತು ಅದನ್ನು ಓದಲು ಯಾರೂ ಇಷ್ಟಪಡುವುದಿಲ್ಲ. ಸ್ನಾನಗೃಹದ ಬಾಗಿಲಿನ ಒಳಬದಿ, ಬಟ್ಟೆ ಒಣಹಾಕುವ ತಾರಸಿಗೆ ಹೋಗುವ ಮೆಟ್ಟಿಲು, ಗ್ರಂಥಾಲಯದ ಮೇಜಿನ ಅಂಚು, ಇಂಥ ಕಡೆ ಒಬ್ಬರೇ ಇರುವಾಗ ಓದುತ್ತಾರೆ, ಸಂಖ್ಯೆ ಬರೆದುಕೊಳ್ಳುತ್ತಾರೆ.

ನಮ್ಮ ಕಡೆ ಮನಸ್ಸಿನ ತೊಂದರೆಗೆ ಮನೆಯವರಿಗೆ ಮೊದಲು ನೆನಪಾಗುವುದು ಆಸ್ಪತ್ರೆಯಲ್ಲ. ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತನ ಸನ್ನಿಧಿಗೆ ಕರೆದೊಯ್ಯುತ್ತಾರೆ, ದರ್ಗಾಕ್ಕೆ ಹೋಗಿ ತಾಯಿತ ಕಟ್ಟಿಸುತ್ತಾರೆ. ನಿಮ್ಮ ಕಾರ್ಯಕ್ರಮದಲ್ಲಿ ಯಾರಾದರೂ ಎದ್ದುನಿಂತು ಇದನ್ನು ಮೂಢನಂಬಿಕೆಯೆಂದು ಗೇಲಿ ಮಾಡಲು ಬಿಡಬೇಡಿ. ಮಗಳಿಗೆ ಏನಾಗಿದೆಯೆಂದು ತಿಳಿಯದೆ ಕಂಗಾಲಾದ ತಾಯಿ ಭೀಮಾ ನದಿಯ ದಂಡೆಗೆ ಬಂದು ಕೈಮುಗಿಯುವುದು ಪ್ರೀತಿಯಿಂದ. ಅವಳನ್ನು ನಗೆಪಾಟಲು ಮಾಡಿದರೆ ಅವಳೂ ದೂರವಾಗುತ್ತಾಳೆ, ಮಗಳೂ ದೂರವಾಗುತ್ತಾಳೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದ ಆವರಣದಲ್ಲಿಯೇ ಮನೋವೈದ್ಯರು ಕುಳಿತು, ದರ್ಗಾದ ಮುಜಾವರರೇ ಭಕ್ತರನ್ನು ಅವರ ಬಳಿಗೆ ಕಳಿಸುವ ವ್ಯವಸ್ಥೆ ನಡೆದಿದೆ. ದವಾ ಮತ್ತು ದುವಾ ಎಂದೇ ಅದಕ್ಕೆ ಹೆಸರು. ಔಷಧವೂ ಆಗಲಿ, ಪ್ರಾರ್ಥನೆಯೂ ಆಗಲಿ ಎನ್ನಿ. ನಾನು ಗಟ್ಟಿಯಾಗಿ ಬೇಡವೆನ್ನುವುದು ಹೊಡೆಯುವುದಕ್ಕೆ, ಕಟ್ಟಿಹಾಕುವುದಕ್ಕೆ, ಉಪವಾಸ ಕೆಡಹುವುದಕ್ಕೆ ಮತ್ತು ನಡೆಯುತ್ತಿರುವ ಮಾತ್ರೆಯನ್ನು ಹಠಾತ್ತಾಗಿ ನಿಲ್ಲಿಸುವುದಕ್ಕೆ ಮಾತ್ರ.

ಕಿರುನಾಟಕದ ಬಗ್ಗೆ ನನಗೆ ಆತಂಕವಿದೆ. ಒಂದು ಕಡೆ ನೋಡಿದ ನಾಟಕದಲ್ಲಿ ಪರೀಕ್ಷೆಯಲ್ಲಿ ನಪಾಸಾದ ಹುಡುಗ ಸಾಯುವ ದೃಶ್ಯವನ್ನು ಪೂರ್ತಿಯಾಗಿ ಅಭಿನಯಿಸಿದರು. ಹಿನ್ನೆಲೆಯಲ್ಲಿ ಶೋಕದ ಸಂಗೀತ, ಕೊನೆಗೆ ಫೋಟೋಗೆ ಹಾರ, ಊರೆಲ್ಲ ಅಳುತ್ತಿರುವುದು. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ಎದ್ದು ಹೊರಗೆ ಹೋದಳು. ನಾನು ಹಿಂದೆಯೇ ಹೋದೆ. ನಲ್ಲಿಯ ಬಳಿ ನಿಂತು ಮುಖ ತೊಳೆಯುತ್ತಿದ್ದಳು, ಮತ್ತೆ ಮತ್ತೆ ತೊಳೆಯುತ್ತಿದ್ದಳು. ಅವಳ ಅಣ್ಣ ಹಿಂದಿನ ವರ್ಷ ಹಾಗೆಯೇ ಹೋಗಿದ್ದ. ಆ ಸಭೆಯಲ್ಲಿದ್ದ ಇನ್ನೂ ಯಾರ ಮನಸ್ಸಿನಲ್ಲಿ ಏನಿತ್ತೋ, ಸತ್ತ ಮೇಲಾದರೂ ಎಲ್ಲರೂ ನನಗಾಗಿ ಅಳುತ್ತಾರೆ ಎಂಬ ಯೋಚನೆ ಯಾರಿಗೆ ಬಂದಿತೋ ಬಲ್ಲವರಾರು.

ಇದು ನನ್ನೊಬ್ಬನ ಅಂಜಿಕೆ ಅಲ್ಲ. ವಿಯೆನ್ನಾ ನಗರದಲ್ಲಿ 1987ರಲ್ಲಿ ಮೆಟ್ರೋ ನಿಲ್ದಾಣಗಳಲ್ಲಿನ ಸಾವುಗಳನ್ನು ರೋಚಕವಾಗಿ ವರದಿ ಮಾಡುವುದನ್ನು ಪತ್ರಿಕೆಗಳು ಮಾರ್ಗಸೂಚಿಯೊಂದನ್ನು ಒಪ್ಪಿ ನಿಲ್ಲಿಸಿದವು. ಕೆಲವೇ ತಿಂಗಳುಗಳಲ್ಲಿ ಅಂಥ ಸಾವುಗಳು ಬಹುಪಾಲು ಇಳಿದವು. ಅದೇ ಊರಿನ ಸಂಶೋಧಕರು ಮುಂದೆ ಇದರ ಇನ್ನೊಂದು ಮುಖವನ್ನೂ ಕಂಡರು. ಕಷ್ಟದ ಹೊತ್ತನ್ನು ದಾಟಿ ಬದುಕಿದವರ ಕಥೆಗಳು ಓದುಗರಿಗೆ ಕಾವಲಾಗಬಲ್ಲವು. ನಾಟಕ ಮಾಡಿರಿ, ಆದರೆ ಸಾವನ್ನು ರಂಗದ ಮೇಲೆ ತರಬೇಡಿ. ಹೇಗೆ ಎಂಬುದನ್ನು ಮಾತಿನಲ್ಲಿಯೂ ಹೇಳಬೇಡಿ, ನಪಾಸಾದದ್ದೇ ಕಾರಣ ಎಂಬಂತೆ ಒಂದೇ ಗೆರೆ ಎಳೆಯಬೇಡಿ. ಕಾರಣಗಳು ಯಾವಾಗಲೂ ಒಂದರ ಮೇಲೊಂದು ಕೂಡಿಕೊಂಡಿರುತ್ತವೆ. ಕೋಣೆಯ ಗೆಳತಿ ತಟ್ಟೆ ಮುಟ್ಟದಿರುವುದನ್ನು ಇನ್ನೊಬ್ಬಳು ನೋಡುತ್ತಾಳೆ, ಹೇಗೆ ಕೇಳಬೇಕೆಂದು ತಡವರಿಸುತ್ತಾಳೆ, ಮೊದಲ ಸಲ ತಪ್ಪಾಗಿ ಕೇಳಿ ಬೈಸಿಕೊಳ್ಳುತ್ತಾಳೆ, ಎರಡನೇ ಸಲ ಸರಿಯಾಗಿ ಕೇಳುತ್ತಾಳೆ. ನಾಟಕಕ್ಕೆ ಇಷ್ಟು ಕಥೆ ಸಾಕು. ನೀವು ಅದನ್ನು ಬದುಕಿ ಬಂದವರು, ನಿಮಗಿಂತ ಚೆನ್ನಾಗಿ ಯಾರು ಬರೆಯುತ್ತಾರೆ? ನಾಟಕ ಮುಗಿದ ಮೇಲೆ ಮಾತಾಡಲು ಒಬ್ಬ ಸಮಾಲೋಚಕರು ಹೊರಗೆ ಕುರ್ಚಿ ಹಾಕಿಕೊಂಡು ಕುಳಿತಿರಲಿ. ಅವರಿಲ್ಲದೆ ಕಾರ್ಯಕ್ರಮ ನಡೆಸಬೇಡಿ. ಸ್ವಂತ ಅನುಭವ ಹೇಳಿಕೊಳ್ಳಲು ವೇದಿಕೆಯಿಂದ ಯಾರನ್ನೂ ಒತ್ತಾಯಿಸಬೇಡಿ.

ಸರಿಯಾಗಿ ಕೇಳುವುದೆಂದರೇನು? ಒಂಟಿಯಾಗಿ ಸಿಕ್ಕಾಗ, ಕಂಡದ್ದನ್ನಷ್ಟೇ ಹೇಳಿ ಆರಂಭಿಸಿ. ‘ನಾಲ್ಕು ದಿನದಿಂದ ನೀನು ಮೆಸ್ಸಿಗೆ ಬಂದಿಲ್ಲ, ರಾತ್ರಿ ಎದ್ದು ಕುಳಿತಿರುತ್ತೀಯ. ನನಗೆ ಚಿಂತೆಯಾಗಿದೆ.’ ಆಮೇಲೆ ಸುಮ್ಮನಿರಿ. ಈ ಸುಮ್ಮನಿರುವುದೇ ಕಷ್ಟದ ಭಾಗ. ‘ಧೈರ್ಯ ತೆಗೆದುಕೋ’, ‘ನಿನಗೇನು ಕಡಿಮೆಯಾಗಿದೆ’, ‘ನಮ್ಮ ತಂದೆ ತಾಯಿ ಎಷ್ಟು ಕಷ್ಟ ಪಟ್ಟಿದ್ದಾರೆ ನೋಡು’ ಎಂಬ ಮಾತುಗಳು ನಾಲಿಗೆಯ ತುದಿಗೆ ಬರುತ್ತವೆ, ತಡೆಯಿರಿ. ಮೂರನೆಯದಂತೂ ಗಾಯದ ಮೇಲೆ ಉಪ್ಪು. ಗುಳೆ ಹೋಗಿ ಕಟ್ಟಡದ ಕೆಲಸ ಮಾಡಿ ದುಡ್ಡು ಕಳಿಸುವ ತಂದೆಯ ನೆನಪೇ ಎಷ್ಟೋ ಮಕ್ಕಳ ಎದೆಯ ಮೇಲಿನ ಕಲ್ಲು.

ಅನುಮಾನ ಬಂದರೆ ನೇರವಾಗಿ ಕೇಳಿ: ‘ಸಾಯುವ ಯೋಚನೆ ಬರುತ್ತಿದೆಯೇ?’ ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಯೊಳಗೆ ತುಂಬಿದಂತಾಗುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಹಾಗಾಗುವುದಿಲ್ಲ, ಅಧ್ಯಯನಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ. ಕೇಳಿದಾಗ ಬಹಳ ಜನರಿಗೆ ಉಸಿರು ಬಿಟ್ಟಂತಾಗುತ್ತದೆ. ಹೌದು ಎಂದರೆ ಒಬ್ಬರೇ ಇರಲು ಬಿಡಬೇಡಿ, ಗುಟ್ಟಾಗಿಡುತ್ತೇನೆಂದು ಮಾತು ಕೊಡಬೇಡಿ. 14416ಕ್ಕೆ ಜೊತೆಯಲ್ಲೇ ಕುಳಿತು ಕರೆ ಮಾಡಿಸಿ, ವಾರ್ಡನ್ ಅಥವಾ ನಂಬಿಕೆಯ ಒಬ್ಬ ಹಿರಿಯರಿಗೆ ತಿಳಿಸಿ. ಅಪಾಯ ಎದುರಿಗೇ ಇದ್ದರೆ 112 ಅಥವಾ 108, ಇಲ್ಲವೇ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗ. ‘ಪೊಲೀಸ್ ಕೇಸಾಗುತ್ತದೆ’ ಎಂಬ ಹೆದರಿಕೆಯಿಂದ ಮುಚ್ಚಿಡುವ ಹಾಸ್ಟೆಲುಗಳು ಇಂದಿಗೂ ಇವೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 115ನೇ ಕಲಮು ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಶಿಕ್ಷೆಯ ಬದಲು ಆರೈಕೆ ಕೊಡಬೇಕೆನ್ನುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮು ಇಲ್ಲವೇ ಇಲ್ಲ. ವಾರ್ಡನ್ನರಿಗೆ ಇದನ್ನು ಕಾಗದದ ಮೇಲೆ ಬರೆದೇ ಕೊಡಿ.

ನಿಮ್ಮ ಗುಂಪು ಚಿಕ್ಕದಿರಲಿ, ಆರೇಳು ಜನ ಸಾಕು. ಅದರಲ್ಲಿ ಮೆಸ್ಸಿನವರನ್ನು, ಕಾವಲುಗಾರರನ್ನು ಸೇರಿಸಿಕೊಳ್ಳಿ. ನನಗೆ ಗೊತ್ತಿರುವ ಒಂದು ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುವ ಅಮ್ಮ ಒಬ್ಬರು ಒಂದು ಸಂಜೆ ವಾರ್ಡನ್ ಬಳಿ ಬಂದು, ‘ಮೂರು ದಿನದಿಂದ ಆ ಹುಡುಗ ಎರಡು ರೊಟ್ಟಿ ಹಾಕಿಸಿಕೊಂಡು ಎರಡನ್ನೂ ಬಿಟ್ಟು ಹೋಗುತ್ತಿದ್ದಾನೆ’ ಎಂದರು. ತರಗತಿಯ ಹಾಜರಾತಿ ಪುಸ್ತಕದಲ್ಲಿ ಅವನು ಎಲ್ಲ ದಿನವೂ ಹಾಜರಿದ್ದ. ಅವನ ಕಷ್ಟ ಕಂಡದ್ದು ಆ ಅಮ್ಮನಿಗೆ ಮಾತ್ರ, ಆ ಕಾರಣಕ್ಕೆ ಅವನು ಸಮಯಕ್ಕೆ ಸರಿಯಾಗಿ ವೈದ್ಯರನ್ನು ಕಂಡ. ನ್ಯಾಯಾಲಯ ಬೋಧಕೇತರ ಸಿಬ್ಬಂದಿಗೂ ತರಬೇತಿ ಎಂದು ಸುಮ್ಮನೆ ಹೇಳಿಲ್ಲ.

ದಿನಾಂಕವನ್ನೂ ಮತ್ತೊಮ್ಮೆ ಯೋಚಿಸಿ. ಅಕ್ಟೋಬರ್ 10ಕ್ಕೆ ಬ್ಯಾನರ್ ಹಿಡಿಯುವವರು ಬಹಳ ಜನ. ಫಲಿತಾಂಶ ಬರುವ ಸಂಜೆ, ಹಾಸ್ಟೆಲಿಗೆ ಹೊಸಬರು ಬಂದ ಮೊದಲ ತಿಂಗಳು, ಹಬ್ಬ ಮುಗಿಸಿ ಊರಿನಿಂದ ಹಿಂತಿರುಗಿದ ರಾತ್ರಿ, ಶುಲ್ಕ ಕಟ್ಟಲು ಕೊನೆಯ ವಾರ, ಈ ದಿನಗಳಲ್ಲಿ ನಿಮ್ಮ ಗುಂಪಿನವರು ಕಾರಿಡಾರಿನಲ್ಲಿ ಚಹಾ ಮಾಡಿಕೊಂಡು ಕುಳಿತರೆ ನಾನು ಅದನ್ನೇ ದೊಡ್ಡ ಕಾರ್ಯಕ್ರಮವೆನ್ನುತ್ತೇನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರನ್ನೂ ನೆನಪಿಡಿ. 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರಲ್ಲಿ ರದ್ದಾದಾಗ, ಅಕ್ರಮದ ಜಾಡು ನಮ್ಮ ಕಲಬುರಗಿಯಲ್ಲಿಯೇ ಸಿಕ್ಕಾಗ, ಪ್ರಾಮಾಣಿಕವಾಗಿ ಓದಿದ ಮಕ್ಕಳು ಎಷ್ಟು ಕುಸಿದುಹೋದರೆಂದು ನಾನು ಹತ್ತಿರದಿಂದ ಕಂಡಿದ್ದೇನೆ.

ಅವರ ನೋವನ್ನು ಕಾಯಿಲೆ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ವಿದ್ಯಾರ್ಥಿವೇತನ ತಡವಾಗಿ ಎರಡು ತಿಂಗಳ ಮೆಸ್ ಬಿಲ್ಲು ಬಾಕಿ ಉಳಿದವನಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟರೆ ಸಾಲದು, ಅವನ ಜೊತೆ ಕಚೇರಿಗೆ ಹೋಗಿ ಅರ್ಜಿ ಎಲ್ಲಿ ನಿಂತಿದೆಯೆಂದು ವಿಚಾರಿಸಬೇಕು. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಪಾಠ ಅರ್ಥವಾಗದೆ ಕೊನೆಯ ಬೆಂಚಿನಲ್ಲಿ ಕುಗ್ಗಿ ಕುಳಿತವಳಿಗೆ ಸಂಜೆ ಒಂದು ಗಂಟೆ ಟಿಪ್ಪಣಿ ಓದಿ ಹೇಳುವ ಹಿರಿಯ ವಿದ್ಯಾರ್ಥಿನಿ ಬೇಕು. ಜಾತಿ ಹೆಸರಿಡಿದು ಚುಚ್ಚುವವರ ಮೇಲೆ ದೂರು ಬರೆಯಲು ಸಹಾಯ ಬೇಕು. ರ‍್ಯಾಗಿಂಗ್ ಇದ್ದರೆ ಯುಜಿಸಿಯ ಸಹಾಯವಾಣಿ 1800-180-5522 ಇದೆ. ಇವನ್ನು ಮಾನಸಿಕ ಆರೋಗ್ಯದ ಕೆಲಸ ಅಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ.

ನಿಮ್ಮ ಬಗ್ಗೆಯೂ ಒಂದು ಮಾತು. ರಾತ್ರಿಯೆಲ್ಲ ಎಚ್ಚರವಿದ್ದು ಎಲ್ಲರ ಕರೆ ತೆಗೆದುಕೊಳ್ಳಲು ಹೊರಟರೆ ಮೂರೇ ತಿಂಗಳಲ್ಲಿ ನೀವೇ ನನ್ನೆದುರು ಬಂದು ಕುಳಿತಿರುತ್ತೀರಿ. ಒಬ್ಬರನ್ನು ಒಬ್ಬರೇ ಹೊರಬೇಡಿ, ಯಾವಾಗಲೂ ಇಬ್ಬರಿರಿ. ಕೇಳಿದ ವಿಷಯವನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆಯಬೇಡಿ. ಪರೀಕ್ಷೆಯ ತಿಂಗಳು ರಜೆ ತೆಗೆದುಕೊಳ್ಳಿ.

ಕೊನೆಗೆ, ನಿಮ್ಮ ಗೆಳತಿ. ಪತ್ರದ ತುದಿಯಲ್ಲಿ ಒಂದು ಸಾಲು ಬರೆದಿದ್ದೀರಿ, ನನಗೆ ಅದೇ ಇಡೀ ಪತ್ರ. ಇಂದು ಸಂಜೆ ಅವಳಿಗೆ ಫೋನ್ ಮಾಡಿ. ಕ್ಷಮೆ ಕೇಳುವುದು, ಯಾಕೆ ಹೋದೆ ಎಂದು ಕೇಳುವುದು, ಯಾವಾಗ ಬರುತ್ತೀಯ ಎಂದು ಕೇಳುವುದು ಯಾವುದೂ ಬೇಡ. ‘ಊಟ ಆಯಿತೇ’ ಎಂದು ಕೇಳಿ. ಹೊಲದಲ್ಲಿ ತೊಗರಿ ಹೇಗಿದೆಯೆಂದು ಕೇಳಿ, ನಿನ್ನ ಮಂಚದ ಮೇಲೆ ನಮ್ಮ ಬಟ್ಟೆ ರಾಶಿ ಬಿದ್ದಿದೆ ಎಂದು ಹೇಳಿ. ಅವಳು ಎತ್ತದಿದ್ದರೆ ನಾಳೆ ಮತ್ತೆ ಮಾಡಿ, ಎತ್ತಿದರೂ ವಾರಕ್ಕೊಮ್ಮೆ ಮಾಡುತ್ತಿರಿ. ಎರಡನೆಯ ಅಥವಾ ಮೂರನೆಯ ಕರೆಯಲ್ಲಿ ಅವಳೇ ನಿದ್ದೆಯ ಮಾತೋ ಮನಸ್ಸಿನ ಮಾತೋ ತೆಗೆದರೆ, ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇರುವುದನ್ನು ಹೇಳಿ. ಚಿಂಚೋಳಿಗೆ ಯಾವ ಮಂಗಳವಾರ ಎಂಬುದನ್ನು ಅಲ್ಲಿನ ಆಸ್ಪತ್ರೆಗೆ ಫೋನ್ ಮಾಡಿ ಮೊದಲೇ ತಿಳಿದುಕೊಂಡಿರಿ. ಅವಳು ಒಪ್ಪಿದರೆ ಆ ದಿನ ಬೆಳಗಿನ ಬಸ್ಸು ಹಿಡಿದು ನೀವೂ ಹೋಗಿ ಬನ್ನಿ.